ಅಂಚು ಕಟ್ಟದ ಚಾಪೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅದನ್ನು ಕಟ್ಟಿದವರು ಮಾನಪ್ಪಯ್ಯ.

ಹಿಂದೆ ಅವರು ಪಟ್ಟಣದ ದೊಡ್ಡ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಒಂದು ಭಾನುವಾರ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಂಬಿಗ ಹುಸೇನಸಾಬನ ಕೈಗೂ, ದೀಕ್ಷಾಸ್ನಾನ ಪಡೆದ ಕ್ರೈಸ್ತರಿಗಷ್ಟೇ ಕೊಡುವ ಕರ್ತನ ಭೋಜನದ ರೊಟ್ಟಿ ಇಟ್ಟರು. ಹಿರಿಯರು ವಿಚಾರಣೆ ಕೂಡಿಸಿದರು. ತಪ್ಪಾಯಿತು ಅನ್ನಿ, ಸಾಕು ಎಂದರು. ಮಾನಪ್ಪಯ್ಯ ಅನ್ನಲಿಲ್ಲ. ಅವರನ್ನು ಹೊರಗೆ ಹಾಕಿದರು.

ಹೊಳೆಗೆ ಬಂದು, ಜೊಂಡು ಕೊಯ್ದು, ಇಬ್ಬರು ಕೂರುವಷ್ಟು ಚಾಪೆ ಹೆಣೆದರು. ಹುಸೇನಸಾಬನನ್ನು ಪಕ್ಕಕ್ಕೆ ಕೂರಿಸಿಕೊಂಡು ಯೇಸುವಿನ ಹೆಸರಲ್ಲಿ ರೊಟ್ಟಿ ಮುರಿದರು. ಆಶ್ರಮದ ಪಂಗಡ ಹುಟ್ಟಿದ್ದು ಹಾಗೆ.

ಮೂರನೆಯವನೊಬ್ಬ ಬಂದ. ಚಾಪೆಯಲ್ಲಿ ಜಾಗವಿರಲಿಲ್ಲ.

"ಜೊಂಡು ಕೊಯ್ದು ತಾ. ನಿನ್ನ ಜಾಗ ನೀನೇ ಹೆಣೆದುಕೋ," ಅಂದರು ಗುರುಗಳು.

ಸೇರುವುದಕ್ಕೆ ಅದೊಂದೇ ನಿಯಮವಾಯಿತು. ನಿನ್ನ ದೇವರ ಹೆಸರು ಬಿಡು, ಕೊರಳಲ್ಲಿರುವುದನ್ನು ತೆಗೆ ಎಂದು ಯಾರಿಗೂ ಹೇಳಲಿಲ್ಲ. ಚಾಪೆಯ ಕೊನೆಗೆ ಅಂಚು ಕಟ್ಟಲಿಲ್ಲ. ದಾರಗಳು ಹಾಗೇ ಜೋಲುತ್ತಿದ್ದವು. ಚಾಪೆ ಆಶ್ರಮದ ಪ್ರಾರ್ಥನಾ ಮಂದಿರದ ಉದ್ದಕ್ಕೂ ಬೆಳೆದು ಪಡಸಾಲೆಗೆ ಬಂತು. ಬೇರೆ ಊರಿನವರು ಒಂದು ಹಿಡಿ ಜೊಂಡು ಒಯ್ದು ತಮ್ಮಲ್ಲೂ ಚಾಪೆ ಶುರುಮಾಡಿದರು.

ಗುರುಗಳ ಕಣ್ಣು ಮಂಜಾಯಿತು. ಬರುವ ಪುನರುತ್ಥಾನದ ಹಬ್ಬದಂದು ಸಭೆಯನ್ನು ಶಿಷ್ಯ ಜಯಶೀಲನಿಗೆ ಒಪ್ಪಿಸುತ್ತೇನೆ ಎಂದರು.

ಜಯಶೀಲ ಅಚ್ಚುಕಟ್ಟಿನ ಮನುಷ್ಯ. ಆ ಚಾಪೆಯಲ್ಲಿ ಅವನು ಹೆಣೆದಷ್ಟು ನೇರವಾಗಿ ಯಾರೂ ಹೆಣೆದಿರಲಿಲ್ಲ.

ಹಬ್ಬದ ಹಿಂದಿನ ಸಂಜೆ ಅವನು ಚಾಪೆಯ ಕೊನೆಯ ತುಂಡನ್ನು ನೋಡುತ್ತ ನಿಂತ. ಅದು ಗಂಗವ್ವನ ಜಾಗ, ಸೊಟ್ಟಗಿತ್ತು. ಗಂಗವ್ವ ಲಿಂಗ ಕಟ್ಟಿದವಳು, ದೀಕ್ಷಾಸ್ನಾನ ಒಲ್ಲೆ ಎಂದವಳು. ನಾಳೆ ಎಲ್ಲ ಊರಿನ ಸಭೆಯವರೂ ಬರುತ್ತಾರೆ. ನಿಮ್ಮವರು ಯಾರು, ಯಾರಲ್ಲ, ಗೆರೆ ಎಲ್ಲಿದೆ ಎಂದು ಅವರಲ್ಲೊಬ್ಬರು ಮೊದಲೇ ಕೇಳಿದ್ದರು.

ಕುಡುಗೋಲು ತಂದು ಆ ತುಂಡನ್ನು ಕತ್ತರಿಸಿ ತೆಗೆದ. ಕೆಂಪು ಬಟ್ಟೆ ಇಟ್ಟು ಅಂಚು ಹೊಲಿದ. ಚಾಪೆ ಚೆಂದ ಕಂಡಿತು.

ಬೆಳಿಗ್ಗೆ ಗಂಗವ್ವ ಬಂದು ಕೆಂಪು ಅಂಚಿನ ಮುಂದೆ ನಿಂತಳು.

"ನನ್ನ ಜಾಗ ಎಲ್ಲಿ ಹೋತಪ್ಪ?"

"ಚಾಪೆ ಇನ್ಮೇಲೆ ದೀಕ್ಷಾಸ್ನಾನ ಆದವರಿಗಮ್ಮ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಊಟಕ್ಕೇನೂ ಕೊರತೆ ಇಲ್ಲ."

"ಊಟ ನಮ್ಮನ್ಯಾಗೂ ಐತಪ್ಪ," ಅಂದು ಅವಳು ಕಂಬದ ಬುಡದಲ್ಲಿ ಬರಿ ನೆಲದ ಮೇಲೆ ಕೂತಳು.

ಚಾಪೆಯ ಮೊದಲ ತುದಿಯಲ್ಲಿ ಕೂತಿದ್ದ ಗುರುಗಳ ಕೈಯಲ್ಲಿ ರೊಟ್ಟಿ ಇತ್ತು. ಆ ಮಾತು ಕೇಳಿ ಅವರು ಮುರಿಯಲಿಲ್ಲ.

"ಜಯಶೀಲಾ, ಕುಡುಗೋಲು ಎಲ್ಲಿಟ್ಟೆ?"

"ಒಳಗಿದೆ ಅಯ್ಯನವರೇ."

"ತಗೊಂಡು ಬಾ. ಕೆಲಸ ಅರ್ಧಕ್ಕೇ ಬಿಟ್ಟಿದೀಯ."

ತಂದ. ಗುರುಗಳು ಚಾಪೆಯಿಂದ ಎದ್ದು ನೆಲಕ್ಕೆ ಇಳಿದರು. ತಾವು ಕೂತಿದ್ದ ಜಾಗ ತೋರಿಸಿದರು.

"ಇದನ್ನೂ ಕತ್ತರಿಸು."

"ಅದು ನಿಮ್ಮ ಜಾಗ."

"ಸಭೆಯಿಂದ ಹೊರಗೆ ಹಾಕಿಸಿಕೊಂಡವನ ಜಾಗ. ಪಕ್ಕದ್ದು ಹುಸೇನಸಾಬಂದು. ಸಾಯೋವರೆಗೂ ಅವನು ನಮಾಜು ಬಿಡಲಿಲ್ಲ. ಅದನ್ನೂ ತೆಗಿ."

ಜಯಶೀಲನ ಕೈ ಏಳಲಿಲ್ಲ. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು. ತನ್ನ ಕೈಗೆ ಬರಬೇಕಾದ ಸಭೆ ಇವತ್ತು ಬರಲಾರದು ಅನ್ನಿಸಿತು.

"ನೇಯ್ಗೆ ಶುರುವಾಗಿರೋದೇ ಅಲ್ಲಿಂದ, ಅಯ್ಯನವರೇ. ಅವೆರಡು ಹೋದರೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತೆ."

"ಹೌದಾ," ಅಂದರು ಗುರುಗಳು. "ಅದು ನಿನಗೆ ಗೊತ್ತಿದೆಯಲ್ಲ."

ಜಯಶೀಲ ಚಾಪೆಯ ಕೊನೆಗೆ ನಡೆದ. ಕೆಂಪು ಬಟ್ಟೆಯ ಹೊಲಿಗೆಯನ್ನು ಕುಡುಗೋಲಿನ ತುದಿಯಿಂದ ಬಿಚ್ಚಿದ. ಹೊಳೆಗಿಳಿದು ಜೊಂಡು ಕೊಯ್ದು ತಂದ. ತಾನೇ ತುಂಡುಮಾಡಿದ್ದ ದಾರಗಳಿಗೆ ಒಂದೊಂದಾಗಿ ಗಂಟು ಹಾಕಿ ಹೆಣೆಯತೊಡಗಿದ. ಗಂಟು ಬಂದಲ್ಲೆಲ್ಲ ಜೊಂಡು ಓರೆಯಾಗುತ್ತಿತ್ತು.

ಗಂಗವ್ವ ಕಂಬದ ಬುಡದಿಂದ ಕತ್ತು ಚಾಚಿ ನೋಡಿದಳು.

"ಭಾಳ ಸೊಟ್ಟ ಆತಲ್ಲೋ ತಮ್ಮಾ. ನಂದಾ ವಾಸಿ ಇತ್ತು."

ಯಾರೋ ನಕ್ಕರು. ಜಯಶೀಲನಿಗೂ ನಗು ಬಂತು.

ಬಿಸಿಲು ಪಡಸಾಲೆಗೆ ಬಂತು. ಮಕ್ಕಳು ಹಸಿದು ಗುಜುಗುಜು ಎಂದರು. ಗುರುಗಳು ರೊಟ್ಟಿ ಹಿಡಿದು ಬರಿ ನೆಲದ ಮೇಲೆ ಕಾಯುತ್ತಿದ್ದರು.

ಕೊನೆಗೆ ಜಯಶೀಲ ಎದ್ದು ನಿಂತ.

"ಕೂತ್ಕೊಳ್ಳಿ ಅವ್ವ."

ಗಂಗವ್ವ ಕೂತಳು. ಗುರುಗಳು ಗೋಡೆ ಹಿಡಿದುಕೊಂಡು ಅಷ್ಟುದ್ದ ನಡೆದು ಬಂದರು. ರೊಟ್ಟಿ ಮುರಿದರು. ಮೊದಲ ತುಂಡನ್ನು ಗಂಗವ್ವನ ಕೈಗಿಟ್ಟರು. ಉಳಿದ ರೊಟ್ಟಿಯನ್ನು ಜಯಶೀಲನ ಕೈಗೆ ಕೊಟ್ಟರು.

"ಹಂಚು. ಇನ್ನು ಇದು ನಿನ್ನ ಕೆಲಸ."

ಜಯಶೀಲ ತಲೆ ತಗ್ಗಿಸಿಕೊಂಡೇ ಕೇಳಿದ.

"ನಾಳೆ ಜನ ನನ್ನನ್ನ ಕೇಳ್ತಾರೆ ಅಯ್ಯನವರೇ. ಅಂಚು ಎಲ್ಲಿ ಕಟ್ಟಲಿ?"

ಗುರುಗಳು ಹೊಳೆಯ ಕಡೆ ಮುಖ ಮಾಡಿದರು.

"ಜೊಂಡು ಬೆಳೆಯೋದು ನಿಂತಿದೆಯಾ, ನೋಡಿಕೊಂಡು ಬಾ."