ಎಮ್ಮೆಗೆ ಶಾಂತಿ ಕಲಿಸಿದ ಬೆಳ್ಳಕ್ಕಿ

ನೊಣ ಕೂತರೂ ಕೊಂಬು ಬೀಸುವ ಎಮ್ಮೆಯೊಂದು ಕೆಲವು ತಿಂಗಳಿಂದ ಸಾಧುವಾಗಿತ್ತು. ಅದರ ಬೆನ್ನ ಮೇಲೆ ಕೂತು, ನೊಣ ಹಿಡಿದು ತಿನ್ನುತ್ತ, ದಿನವೂ ಶಾಂತಿಯ ಪ್ರವಚನ ಮಾಡುತ್ತಿದ್ದ ಬೆಳ್ಳಕ್ಕಿಗೆ ಇದು ತನ್ನ ಮಾತಿನ ಫಲವೆಂಬುದರಲ್ಲಿ ಸಂಶಯವಿರಲಿಲ್ಲ. ಎಮ್ಮೆಯ ಹೊಟ್ಟೆ ದಪ್ಪಗಾದದ್ದನ್ನೂ ಅದು ನೆಮ್ಮದಿಯ ಲಕ್ಷಣವೆಂದೇ ತಿಳಿದಿತ್ತು.

ಎಮ್ಮೆ ಕರು ಹಾಕಿದ ಮರುದಿನ ಬೆಳ್ಳಕ್ಕಿ ಎಂದಿನಂತೆ ಬೆನ್ನೇರಿತು. ಮರುಕ್ಷಣ ಕೆಸರಿನಲ್ಲಿತ್ತು.

"ಏನಮ್ಮ, ಇಷ್ಟು ದಿನ ಕಲಿತದ್ದೆಲ್ಲ ಎಲ್ಲಿ ಹೋಯಿತು?"

"ನಾನು ಕಲಿತದ್ದು ಏನೂ ಇಲ್ಲ ಸ್ವಾಮಿ. ಗಬ್ಬವಾಗಿದ್ದಾಗ ಪ್ರೊಜೆಸ್ಟರಾನ್ ಎಂಬ ರಸ ಮೈತುಂಬ ಇರುತ್ತದೆ. ಅದರಿಂದ ಹುಟ್ಟುವ ಇನ್ನೊಂದು ರಸ ಮಿದುಳನ್ನು ತಟ್ಟಿ ಸಮಾಧಾನ ಮಾಡುತ್ತದೆ. ಕರು ಹೊರಗೆ ಬಂತು, ರಸ ಇಳಿಯಿತು. ಹತ್ತಿರ ಬಂದವರನ್ನು ಹಾಯುವುದು ಈಗ ನನ್ನ ಕೆಲಸ."

ಬೆನ್ನು ಹೋದರೆ ಊಟವೂ ಹೋದಂತೆ. ಆದರೂ ಬೆಳ್ಳಕ್ಕಿ ಗತ್ತು ಬಿಡದೆ ದೂರ ನಿಂತು, ಕೋಪ ಎಷ್ಟು ಕೆಟ್ಟದ್ದೆಂದು ವಿವರಿಸತೊಡಗಿತು. ಮೂರನೆಯ ವಾಕ್ಯಕ್ಕೆ, ಬೆಳಗಿನಿಂದ ಕುಣಿದು ತಾಯಿಯನ್ನು ಗೋಳಾಡಿಸಿದ್ದ ಕರು ಆಕಳಿಸಿ ಮಲಗಿಬಿಟ್ಟಿತು.

ಎಮ್ಮೆ ಬೆನ್ನನ್ನು ಬೆಳ್ಳಕ್ಕಿಯ ಕಡೆಗೆ ತಿರುಗಿಸಿತು. "ಹತ್ತಿ ಸ್ವಾಮಿ. ದಯವಿಟ್ಟು ಪ್ರವಚನ ನಿಲ್ಲಿಸಬೇಡಿ."

ಮೊದಲ ದಿನವೇ ಧ್ಯಾನಕ್ಕೆ ಇಳಿದ ಇಂಥ ಶಿಷ್ಯನನ್ನು ತಾನು ಕಂಡೇ ಇರಲಿಲ್ಲ ಎಂದು ಹಿಗ್ಗುತ್ತ ಬೆಳ್ಳಕ್ಕಿ ಬೆನ್ನೇರಿತು.