ಗೀಸರಿಗೆ ಕಟ್ಟಿದ ನಿಂಬೆಹಣ್ಣು

ವರ್ಷವಿಡೀ ಸುಮ್ಮನಿದ್ದು ಒಂದೇ ಗಳಿಗೆಯಲ್ಲಿ ಜೀವ ಉಳಿಸುವವನು ಯಾರು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯುವುದಿಲ್ಲ.

ತುಂಗಕ್ಕನ ಬಚ್ಚಲಿಗೆ ಹೊಸ ಗೀಸರ್ ಬಂತು. ಗಂಡ ಶೇಷಣ್ಣ ಅರ್ತಿಂಗಿನ ಹಸಿರು ವೈರನ್ನು "ವರ್ಷವಿಡೀ ಸುಮ್ಮನಿರುವ ದಂಡಪಿಂಡ" ಎಂದು ಕತ್ತರಿಸಿ, ಅದರಿಂದಲೇ ಗೀಸರಿಗೆ ದೃಷ್ಟಿ ನಿಂಬೆಹಣ್ಣು ಕಟ್ಟಿದ.

"ನನ್ನನ್ನು ನೆಲಕ್ಕೆ ಜೋಡಿಸಲು ಹೇಳಿ ಸ್ವಾಮಿ. ಕರೆಂಟು ಸೋರಿದರೆ ತುಂಗಕ್ಕನ ಗತಿಯೇನು?" ಎಂದು ಗೀಸರನ್ನು ಬೇಡಿತು ವೈರು.

"ಕುಂಕುಮ ಹಚ್ಚಿಸಿಕೊಂಡವನು ನಾನು. ನೀನು ತೆಪ್ಪಗೆ ಹಣ್ಣು ಹಿಡಿದಿರು," ಎಂದಿತು ಗೀಸರ್.

ಮೂರನೇ ದಿನ ನಲ್ಲಿ ಮುಟ್ಟಿದ ತುಂಗಕ್ಕ ಶಾಕ್ ಹೊಡೆದು ಬಕೆಟ್ಟಿನ ಸಮೇತ ಉರುಳಿದಳು. ವೈರು ನಿಂಬೆಹಣ್ಣನ್ನು ದುರುಗುಟ್ಟಿ ನೋಡಿತು.

"ನನ್ನದು ದೃಷ್ಟಿ ಇಲಾಖೆ. ಕರೆಂಟಿನ ಸುದ್ದಿ ನನಗೆ ಬೇಡ," ಎಂದಿತು ಹಣ್ಣು.

ಎದ್ದು ಕೂತ ತುಂಗಕ್ಕ ಗಂಡನಿಗೆ ಉಗಿದು ಅರ್ತಿಂಗ್ ಹಾಕಿಸಿದಳು. ಈ ಕೊನೆ ನಾನು ಹುಟ್ಟಿಸಿದ್ದು. ಅಸಲಿಗೆ ಶೇಷಣ್ಣ ಇನ್ನೊಂದು ನಿಂಬೆಹಣ್ಣು ಕಟ್ಟಿದ.