ಒದ್ದೆ ಕೈ ಹಿಡಿದ ಗುದ್ಲೆಪ್ಪ

ಹೂಂಗುಟ್ಟುವವರು ಇದ್ದರೆ ಹತ್ತಿರ ಬಂದು ಕೂತುಕೊಳ್ಳಿ. ಈ ಕತೆಯನ್ನು ನನ್ನ ಪಾಡಿಗೆ ನಾನೇ ಹೇಳಿಕೊಳ್ಳಲಾರೆ, ಹೆದರಿಕೆಯಾಗುತ್ತದೆ.

ಕೆಂಚವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಗುದ್ಲೆಪ್ಪ. ಆಳು ಆರಡಿ, ತಲೆ ಮಾತ್ರ ಖಾಲಿ. ಹಾಲು ಉಕ್ಕುತ್ತದೆ ನೋಡು ಎಂದರೆ, ಉಕ್ಕಿ ಒಲೆ ಆರುವತನಕ ನೋಡುವವನು! ಕೆಂಚವ್ವ ಹಣೆ ಹಣೆ ಬಡಿದುಕೊಂಡು ಅವನಿಗೆ ಒಂದೇ ಒಂದು ಬುದ್ಧಿ ಕಲಿಸಿದ್ದಳು. "ದೊಡ್ಡವರು ಮಾತಾಡಿದರ ಹೂಂ ಅನ್ನಪಾ. ಅಷ್ಟು ಮಾಡು, ಸಾಕು."

ಆ ಊರಲ್ಲಿ ಬಾವಿ ತೋಡುವ ದ್ಯಾಮಣ್ಣ ಒಂದು ಮಧ್ಯಾಹ್ನ ಕಾಣೆಯಾದ. ಹಾಳುಬಾವಿಯ ಮೆಟ್ಟಿಲ ಮೇಲೆ ಅವನ ರುಮಾಲು ಸಿಕ್ಕಿತು. ಪಕ್ಕದಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದ ಗುದ್ಲೆಪ್ಪ ಸಿಕ್ಕ. ಫೌಜದಾರ ಬಂದು ಕೇಳಿದ.

"ದ್ಯಾಮಣ್ಣನ್ನ ನೋಡಿದ್ಯಾ?"

"ಹೂಂ."

"ಜಗಳ ಆತೇನು?"

"ಹೂಂ."

"ಬಾವಿಗೆ ನೂಕಿದ್ಯಾ?"

"ಹೂಂ."

ಇಷ್ಟು ಒಳ್ಳೆಯ ಆರೋಪಿಯನ್ನು ಫೌಜದಾರ ಜನ್ಮದಲ್ಲಿ ಕಂಡಿರಲಿಲ್ಲ. ಹೆಣಕ್ಕಾಗಿ ಬಾವಿಗೆ ಪಾತಾಳಗರಡಿಯ ಕೊಕ್ಕೆ ಇಳಿಬಿಟ್ಟರು. ಹಗ್ಗ ಮುಗಿಯಿತು, ತಳ ಸಿಗಲಿಲ್ಲ. ಇನ್ನೊಂದು ಹಗ್ಗ ಕಟ್ಟಿದರು, ಅದೂ ಮುಗಿಯಿತು. ಮೂರನೆಯದನ್ನು ಕಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ.

ಕೆಂಚವ್ವ ತಾಲೂಕಿಗೆ ಓಡಿ ತಡಸದ ಅನ್ನುವ ವಕೀಲರ ಕಾಲು ಹಿಡಿದಳು. "ಎಲ್ಲಾ ಒಪ್ಪಿಕೊಂಡು ಕುಂತಾನ್ರಿ! ಗಲ್ಲಿಗೆ ಹಾಕತಾರೇನ್ರಿ?"

"ಎಲ್ಲಾರೂ ಇದನ್ನ ಕೇಳತಾರ," ಎಂದರು ವಕೀಲರು. "ಪೊಲೀಸರ ಮುಂದ ಒಪ್ಪಿಕೊಂಡದ್ದು ಕೋರ್ಟಿನ್ಯಾಗ ನಿಲ್ಲೂದಿಲ್ಲವ್ವಾ. ದ್ಯಾಮಣ್ಣ ಬಂದು ಎದುರಿಗೆ ನಿಂತರ ಕೇಸು ಅಲ್ಲಿಗೇ ಖತಂ. ಬರಲಿಲ್ಲ ಅಂದ್ರ, ಜಡ್ಜರ ಮುಂದೂ ಇಂವಾ ಹೂಂ ಅಂತಾನ, ಇವನ ಬಾಯಿಂದ ಇವನಿಗೆ ಜನ್ಮಪೂರ್ತಿ ಜೈಲು."

ಜಾಮೀನಿನ ಮೇಲೆ ಹೊರಬಂದ ಗುದ್ಲೆಪ್ಪನಿಗೆ ಅವರು ಚೆನ್ನಾಗಿ ಉಗಿದರು. "ಮೂರ್ಖಾ! ನಾ ಎದುರಿಗೆ ಇಲ್ಲದಾಗ ಯಾರ ಮುಂದೂ ಬಾಯಿ ಬಿಡಬ್ಯಾಡ! ತಿಳೀತೇನು?"

ತಿಳಿಯಿತು. ಬಾಯಿ ಬಿಡಲಿಲ್ಲ. ಅವ್ವ ಕರೆದರೂ ಬಿಡಲಿಲ್ಲ, ರೊಟ್ಟಿಗೂ ಬಿಡಲಿಲ್ಲ. ಕೆಂಚವ್ವ ಅವನ ಮೂಗು ಹಿಡಿದು, ತುಟಿ ಬಿರಿದಾಗ ಅಂಬಲಿ ಹೊಯ್ಯಬೇಕಾಯಿತು.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ. ಓಣಿಯಲ್ಲಿ ಒಂದು ಕೋಳಿಯ ಸದ್ದೂ ಇಲ್ಲ. ಗುದ್ಲೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಜೋಳ ಹಸನು ಮಾಡುತ್ತಿದ್ದ ಕೆಂಚವ್ವನಿಗೆ ಹೊರಗೊಂದು ದನಿ ಕೇಳಿಸಿತು. ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿತ್ತು.

"ಗುದ್ಲೆಪ್ಪಾ, ನಮ್ಮನೀಗೆ ದಾರಿ ಯಾವುದೋ?"

ಉತ್ತರವಿಲ್ಲ.

"ಗುದ್ಲೆಪ್ಪಾ, ನನಗ ದಾರಿ ಮರತೈತೋ. ಹೇಳೋ."

ಕೆಂಚವ್ವ ಹೊರಗೆ ಬಂದಾಗ ಮಗನೊಬ್ಬನೇ ಇದ್ದ, ತುಟಿ ಬಿಗಿಹಿಡಿದುಕೊಂಡು. ಅಂಗಳದಲ್ಲಿ ಒದ್ದೆ ಹೆಜ್ಜೆಗಳು ಮೂಡಿದ್ದವು. ಕಟ್ಟೆಯತನಕ ಬಂದು, ತಿರುಗಿ ಹಾಳುಬಾವಿಯ ಕಡೆ ಹೋಗಿದ್ದವು. ಆ ಸುಡುಬಿಸಿಲಿನಲ್ಲೂ ಅವು ಸಂಜೆತನಕ ಆರಲಿಲ್ಲ. ಮರುದಿನವೂ ಆರಿರಲಿಲ್ಲ. ಕೆಂಚವ್ವ ಮಗನನ್ನು ಎಳೆದುಕೊಂಡು ವಕೀಲರ ಬಳಿ ಹೋದಳು.

"ಯಾರು ಬಂದಿದ್ದರೋ?" ಎಂದರು ವಕೀಲರು.

ವಕೀಲರು ಎದುರಿಗಿದ್ದರಲ್ಲ, ಗುದ್ಲೆಪ್ಪ ಬಾಯಿ ಬಿಟ್ಟ. "ದ್ಯಾಮಣ್ಣ ಬಂದಿದ್ದ್ರಿ."

"ಆಂ! ಯಾಕ ಮಾತಾಡಸಲಿಲ್ಲ?"

"ನೀವು ಇರಲಿಲ್ಲಲ್ರಿ."

ವಕೀಲರು ತಲೆ ಚಚ್ಚಿಕೊಂಡರು. "ಅಯ್ಯೋ ದಡ್ಡಾ! ನಿನ್ನ ಬಿಡಸೂ ಮನಷ್ಯಾನ ಬಾಗಿಲಿಗೆ ಬಂದಿದ್ದನಲ್ಲೋ! ಇನ್ನ ಎಲ್ಲಾರ ಜೋಡಿ ಮಾತಾಡು. ಅಂವಾ ಮತ್ತ ಬಂದರ ಗಟ್ಟಿಯಾಗಿ ಕೈ ಹಿಡಕೊಂಡು ಕೋರ್ಟಿಗೆ ಕರಕೊಂಡು ಬಾ. ನಾ ಹೇಳೂತನಕ ಹಿಡಿದ ಕೈ ಬಿಡಬ್ಯಾಡ! ನಿಮ್ಮವ್ವ ಹೇಳಿದರೂ ಬಿಡಬ್ಯಾಡ!"

"ಸಾಹೇಬರ, ಆ ಹೆಜ್ಜಿ ಇನ್ನೂ ಆರಿಲ್ರಿ..." ಎಂದು ಕೆಂಚವ್ವ ಬಾಯಿ ತೆಗೆಯುವಷ್ಟರಲ್ಲಿ ವಕೀಲರು ಕೋಟು ತೊಟ್ಟು ನಡೆದಾಗಿತ್ತು.

ಕೋರ್ಟಿನ ವಾಯಿದೆಯ ದಿನ ಬಂತು. ಬೆಳಿಗ್ಗೆ ಎದ್ದರೆ ಗುದ್ಲೆಪ್ಪ ಮನೆಯಲ್ಲಿಲ್ಲ. ಕೆಂಚವ್ವ ಒಬ್ಬಳೇ ಕೋರ್ಟಿಗೆ ಬಂದಳು. ಜವಾನ ಬಾಗಿಲಲ್ಲಿ ನಿಂತು ಮಗನ ಹೆಸರು ಕೂಗಿದ.

"ಬರಲಿಲ್ಲಂದ್ರ ಏನ್ ಮಾಡತಾರ್ರಿ?"

"ವಾರಂಟು. ಜಾಮೀನು ರದ್ದು. ಸೀದಾ ಜೈಲು," ಎಂದರು ವಕೀಲರು, ಬೆವರು ಒರೆಸಿಕೊಳ್ಳುತ್ತ.

ಎರಡನೆಯ ಸಲ ಕೂಗಿದ. ಮೂರನೆಯ ಸಲ ಕೂಗಿದ. ಆಗ ಬಂದ ಗುದ್ಲೆಪ್ಪ, ದ್ಯಾಮಣ್ಣನ ಕೈ ಹಿಡಿದುಕೊಂಡು!

ದ್ಯಾಮಣ್ಣನ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆರು ಮೈಲಿ ಬಿಸಿಲಲ್ಲಿ ನಡೆದು ಬಂದವನು, ಆಗತಾನೆ ಮುಳುಗಿ ಎದ್ದ ಹಾಗೆ. ನೆಲದ ಮೇಲೆ ನೀರು ಹರಡಿತು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರೇ ಕಾಲು ಮೇಲೆತ್ತಿಕೊಂಡರು.

"ಈತ ನಿನ್ನ ಗಂಡನೇ?" ಎಂದು ಜಡ್ಜ್ ಸಾಹೇಬರು ದ್ಯಾಮಣ್ಣನ ಹೆಂಡತಿ ಶಿವನವ್ವನನ್ನು ಕೇಳಿದರು.

"ಹೌದ್ರಿ, ಅವರ," ಎಂದಳು. ಹೇಳಿ ಗೋಡೆಗೆ ಒತ್ತಿ ನಿಂತಳು, ಹತ್ತಿರ ಹೋಗಲಿಲ್ಲ.

ಗುಮಾಸ್ತ ಅವನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿದ. ಗುರುತು ಮೂಡಲಿಲ್ಲ, ನೀರಿನ ಕಲೆ ಮಾತ್ರ ಮೂಡಿತು. ಗುಮಾಸ್ತ ಕಾಗದವನ್ನು ಫೈಲಿನೊಳಗೆ ತುರುಕಿದ. ಸಾಹೇಬರಿಗೆ ಊಟದ ಹೊತ್ತು. ಕೊಲೆಯಾದವನೇ ಬಂದು ನಿಂತ ಮೇಲೆ ಕೊಲೆಯೆಲ್ಲಿಯದು ಎಂದು ಕೇಸು ಮುಗಿಸಿ ಎದ್ದುಬಿಟ್ಟರು. ಅವನು ಜೀವಂತ ಇದ್ದಾನೆಯೇ ಎಂದು ಒಬ್ಬರಾದರೂ ಕೇಳಬೇಕಲ್ಲ? ಕೇಳಲಿಲ್ಲ ನೋಡಿ! ವಕೀಲರು ಕೆಂಚವ್ವನ ಬೆನ್ನು ತಟ್ಟಿ ಖಾನಾವಳಿಗೆ ಹೋದರು.

ದ್ಯಾಮಣ್ಣ ಹೊರಟ. ಕೈ ಹಿಡಿದ ಗುದ್ಲೆಪ್ಪನೂ ಹೊರಟ. ದಾರಿಯುದ್ದಕ್ಕೂ ಗುದ್ಲೆಪ್ಪ ಅವನ ಕಿವಿಯಲ್ಲಿ ಏನೋ ಒಪ್ಪಿಸುತ್ತಿದ್ದ, ಅವನು ತಲೆಯಾಡಿಸುತ್ತಿದ್ದ. ಹಿಂದೆ ಓಡಿಬರುತ್ತಿದ್ದ ಕೆಂಚವ್ವನಿಗೆ ಮಾತು ಕೇಳಿಸಲಿಲ್ಲ. ಅವರು ಊರೊಳಗೆ ತಿರುಗದೆ ಹಾಳುಬಾವಿಗೆ ತಿರುಗಿದ್ದು ಮಾತ್ರ ಕಾಣಿಸಿತು.

"ಬಿಡೋ ಮಗನ! ಕೈ ಬಿಡೋ!"

"ನೀ ಹೇಳಿದರೂ ಬಿಡಬ್ಯಾಡ ಅಂದಾರಬೇ!"

ಮೆಟ್ಟಿಲಿಳಿದಂತೆ ಗುದ್ಲೆಪ್ಪನ ಮೊಣಕಾಲಿಗೆ ನೀರು ಬಂತು. ಸೊಂಟಕ್ಕೆ ಬಂತು. ಕೆಂಚವ್ವ ಮಗನ ಇನ್ನೊಂದು ಕೈ ಹಿಡಿದು ಜಗ್ಗಿದಳು. ಆ ಕೈಯೂ ತಣ್ಣಗಾಗತೊಡಗಿತ್ತು.

"ಅಳಬ್ಯಾಡಬೇ. ವಕೀಲರನ್ನ ಕರಕೊಂಡು ಬಾ. ಅಲ್ಲೀತನಕ ಇಲ್ಲೇ ಕುಂತಿರತೇನಿ," ಎಂದ ಗುದ್ಲೆಪ್ಪ. ಅವನ ತಲೆಯ ಮೇಲೆ ನೀರು ಕೂಡಿಕೊಂಡಿತು.

ಕೆಂಚವ್ವ ಆರು ಮೈಲಿ ಓಡಿದಳು. ಸಂಜೆಯ ಫಳಾರಕ್ಕೆ ಕೂತಿದ್ದ ವಕೀಲರನ್ನು ಎಂಜಲು ಕೈಯಲ್ಲೇ ಎಬ್ಬಿಸಿ, ಟಾಂಗಾದಲ್ಲಿ ಹೇರಿಕೊಂಡು ಬಂದಳು. ಬಾವಿಯ ನೀರು ಅಲುಗುತ್ತಿರಲಿಲ್ಲ. ವಕೀಲರು ಬಗ್ಗಿ ಕೂಗಿದರು.

"ಗುದ್ಲೆಪ್ಪಾ! ನಾ ಹೇಳತೇನಿ, ಕೈ ಬಿಡು!"

ಆಳದಿಂದ, ಕೊಡದೊಳಗಿನಿಂದ ಬಂದಂತೆ, ದನಿ ಬಂತು. "ಬಿಟ್ಟೆನ್ರೀ ಸಾಹೇಬರ!"

ಕೆಂಚವ್ವ ಎರಡೂ ಕೈಯೆತ್ತಿ ಮುಗಿದಳು. "ಹಂಗಾರ ಮ್ಯಾಲ ಬಾರೋ ನನ್ನಪ್ಪಾ!"

"ಹೆಂಗ ಬರಲಿಬೇ? ದ್ಯಾಮಣ್ಣ ನನ್ನ ಕೈ ಬಿಡವಲ್ಲ. ತನ್ನ ವಕೀಲರು ಬಂದು ಹೇಳೂತನಕ ಬಿಡೂದಿಲ್ಲಂತ." ಗುದ್ಲೆಪ್ಪನ ದನಿಯಲ್ಲಿ ಹೆಮ್ಮೆಯಿತ್ತು. "ದಾರ್‍ಯಾಗ ನಾನ ಹೇಳಿಕೊಟ್ಟೆನ್ರೀ ಸಾಹೇಬರ. ಒಂದ ಸಲಕ್ಕ ಕಲ್ತುಬಿಟ್ಟ!"